ಮಿಸೆಸ್ ಟೇಟ್ ಅವರ ಮುಖ

ನಾನು ಒಂದು ತಗಡಿನ ಡಬ್ಬ. ಹುಟ್ಟಿದ್ದು ಶಿಕಾಗೋದಲ್ಲಿ, ಎಂಬತ್ತು ವರ್ಷಗಳ ಹಿಂದೆ. ಹೊಟ್ಟೆಯೊಳಗೆ ಪ್ಯಾನ್‌ಕೇಕ್ ಹಿಟ್ಟು. ಮೈಮೇಲೆ, ತಲೆಗೆ ಕೆಂಪು ಬಟ್ಟೆ ಸುತ್ತಿ ಕಿವಿಯವರೆಗೂ ಬಾಯಿ ಹಿಗ್ಗಿಸಿ ನಗುವ ಕಪ್ಪು ಹೆಂಗಸಿನ ಚಿತ್ರ. ಕೆಳಗೆ ‘ಆಂಟ್ ರೋಸಿ’ ಎಂಬ ಹೆಸರು. ಆಗ ನನ್ನ ಅಂದಕ್ಕೆ ನಾನೇ ಬೀಗಿದ್ದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಆ ಚಿತ್ರಕ್ಕೆ ಮಾದರಿಯಾಗಿ ಕುಳಿತವರು ಲವೀನಿಯಾ ಟೇಟ್. ಗಂಡ ತೀರಿಕೊಂಡ ಮೇಲೆ ಬಟ್ಟೆ ಹೊಲಿದು ಪುಟ್ಟ ಮಗಳನ್ನು ಸಾಕುತ್ತಿದ್ದ ಗಂಭೀರ ಹೆಂಗಸು. ಹ್ಯಾಟ್ ಇಲ್ಲದೆ ಹೊಸ್ತಿಲು ದಾಟಿದವರಲ್ಲ. ಕಂಪನಿಯವರು ಅವರಿಗೆ ರೋಸಿಯ ವೇಷ ಹಾಕಿಸಿ, ಪ್ಯಾನ್‌ಕೇಕ್ ಹುಯ್ದುಕೊಡಲು ಅಂಗಡಿಯಲ್ಲಿ ನನ್ನ ಪಕ್ಕವೇ ನಿಲ್ಲಿಸಿದರು.

ನಿಮ್ಮಲ್ಲಿ ಹಿರಿಯ ಹೆಂಗಸನ್ನು ಅತ್ತೆ, ದೊಡ್ಡಮ್ಮ ಎಂದರೆ ಮರ್ಯಾದೆ. ಅಲ್ಲಿ ಬಿಳಿಯರು ಕಪ್ಪು ಹೆಂಗಸರನ್ನು ಆಂಟ್ ಎನ್ನುತ್ತಿದ್ದದ್ದು ‘ಮಿಸೆಸ್’ ಎನ್ನುವ ಮರ್ಯಾದೆ ತಪ್ಪಿಸಲು.

ಒಂದು ದಿನ ಲವೀನಿಯಾ ಅಂಗಡಿಯ ಮ್ಯಾನೇಜರನ್ನು ಕೇಳಿದರು. “ಸರ್, ಮಿಸೆಸ್ ಟೇಟ್ ಅಂತ ಒಂದು ಚೀಟಿ ಬರೆದು ಇಲ್ಲಿಡ್ತೀನಿ. ನನ್ನ ಮಗಳು ನೋಡೋಕೆ ಬರ್ತಾಳೆ.”

“ಡಬ್ಬದ ಮೇಲೆ ಹೆಸರಿದೆಯಲ್ಲ, ರೋಸಿ! ನಗು ನಗು, ಗಿರಾಕಿ ಬಂದ್ರು.”

ಅವರು ನಕ್ಕರು. ಆಗಲೇ ಬಂದು ನಿಂತಿದ್ದ ಮಗಳು ತಾಯಿಯನ್ನೂ ನನ್ನನ್ನೂ ನೋಡಿ ತಲೆ ತಗ್ಗಿಸಿದಳು. ಗಿರಾಕಿ, ಒಬ್ಬ ಬಿಳಿ ಹೆಂಗಸು, ನನ್ನನ್ನು ಕೊಂಡೊಯ್ದಳು.

ಆ ಬಿಳಿಯರ ಮನೆಯಲ್ಲಿ ಐವತ್ತು ವರ್ಷ ಇದ್ದೆ. ಹಿಟ್ಟು ಮುಗಿದ ಮೇಲೆ ಗುಂಡಿ, ಸೂಜಿ ತುಂಬಿದರು. ಕಪ್ಪು ಜನಕ್ಕೆ ಚಾಕರಿಯೆಂದರೆ ಖುಷಿ ಎಂದು ಅಲ್ಲಿನ ಮಕ್ಕಳು ನನ್ನನ್ನು ನೋಡಿಯೇ ಕಲಿತರು. ಬಾಯಿ ಬಿಡದೆ ನಾನು ಕಲಿಸಿದ ಪಾಠ ಅದು.

ಕೊನೆಗೆ ಹಳೆ ಸಾಮಾನಿನ ಅಂಗಡಿ ಸೇರಿದೆ. ಒಂದು ದಿನ ಕೂದಲು ನರೆತ ಕಪ್ಪು ಹೆಂಗಸೊಬ್ಬರು ನನ್ನ ಮುಂದೆ ನಿಂತುಬಿಟ್ಟರು.

“ರೋಸಿ ಬೇಕಾ ಅಮ್ಮ? ಹುಡುಕ್ಕೊಂಡು ಬರ್ತಾರೆ ಜನ,” ಎಂದ ಅಂಗಡಿಯವನು.

“ರೋಸಿ ಅಲ್ಲಪ್ಪ. ಮಿಸೆಸ್ ಲವೀನಿಯಾ ಟೇಟ್. ನಮ್ಮಮ್ಮ.”

ಅಂದು ತಲೆ ತಗ್ಗಿಸಿದ್ದ ಮಗಳು, ಓಪಲ್. ಮನೆಗೆ ಬೆಂಕಿ ಬಿದ್ದಾಗ ತಾಯಿಯ ಫೋಟೋಗಳೆಲ್ಲ ಸುಟ್ಟುಹೋಗಿದ್ದವಂತೆ. ಆ ಮುಖ ಉಳಿದಿರುವುದು ನನ್ನ ಮೈಮೇಲೆ ಮಾತ್ರ.

ಈಗ ಅವರ ಬಟ್ಟೆ ಕಪಾಟಿನ ಮೂಲೆಯಲ್ಲಿದ್ದೇನೆ. ಬಂದವರಿಗೆ ತೋರಿಸುವುದಿಲ್ಲ. ಭಾನುವಾರ ಚರ್ಚಿಗೆ ಹೊರಡುವ ಮುಂಚೆ ಹೊರತೆಗೆಯುತ್ತಾರೆ. ಒಂದು ಅಂಗೈಯಿಂದ ಕೆಂಪು ಬಟ್ಟೆಯನ್ನು, ಹೆಬ್ಬೆರಳಿನಿಂದ ನಗುವನ್ನು ಮುಚ್ಚುತ್ತಾರೆ. ನಡುವೆ ಎರಡು ಕಣ್ಣು ಉಳಿಯುತ್ತವೆ.

“ಇಷ್ಟು ಮಾತ್ರ ಅಮ್ಮ,” ಎನ್ನುತ್ತಾರೆ.

ಅವರು ನೋಡುತ್ತಲೇ ಇರುತ್ತಾರೆ. ಇದಕ್ಕಿಂತ ಹೆಚ್ಚು ಕೊಡಲು ನನ್ನ ಬಳಿ ಏನೂ ಇಲ್ಲ.