ಐದನ್ನು ಬಿಟ್ಟ ಲೆಕ್ಕ

ಶುಕ್ರವಾರ ಮೂರು ಗಂಟೆಗೆ ಮಗಳು ಸ್ಮೃತಿ ಸ್ಕೂಲಿಂದ ಬಂದು, ಲೆಕ್ಕದ ಪುಸ್ತಕವನ್ನು ಅಡುಗೆಮನೆಯ ಮೇಜಿನ ಮೇಲೆ ಹಾಕಿದಳು. ಮೇಜಿನ ಇನ್ನೊಂದು ತುದಿಯಲ್ಲಿ ಪೇರೆಂಟಿಂಗ್ ಪ್ಲಾನ್ ಬಿದ್ದಿತ್ತು. ಈ ದೇಶದಲ್ಲಿ ಮಕ್ಕಳಿರುವವರು ಡೈವೋರ್ಸ್ ಪಡೆಯಬೇಕಾದರೆ, ಮಗು ಯಾವಾಗ ಯಾರ ಹತ್ತಿರ ಎಂದು ಬರೆದು ಇಬ್ಬರೂ ಸಹಿ ಹಾಕಬೇಕು. ನನ್ನ ಹೆಂಡತಿ ಪ್ರಭಾ ರಾಟರ್‌ಡ್ಯಾಮಿಗೆ ಮನೆ ಬದಲಾಯಿಸಿ ನಾಲ್ಕು ತಿಂಗಳಾಗಿತ್ತು. ಸ್ಕೂಲಿನ ದಿನಗಳು ಬೆಸ್ಟ್ ಎಂಬ ಈ ಊರಿನಲ್ಲಿ ನನ್ನ ಹತ್ತಿರ, ಶನಿವಾರ ಭಾನುವಾರ ಅವಳ ಹತ್ತಿರ, ರಜೆ ಅರ್ಧ ಅರ್ಧ. ಜಗಳವಿಲ್ಲದೆ ಮುಗಿದಿತ್ತು. ನಾವು ಬಹಳ ಸಭ್ಯರು.

ನನಗೆ ದುಃಖವೂ ಇರಲಿಲ್ಲ, ಸಿಟ್ಟೂ ಇರಲಿಲ್ಲ. ಹಲ್ಲಿನ ಡಾಕ್ಟರು ಇಂಜೆಕ್ಷನ್ ಕೊಟ್ಟಮೇಲೆ ತುಟಿ ಇದೆಯೋ ಇಲ್ಲವೋ ತಿಳಿಯುವುದಿಲ್ಲವಲ್ಲ, ಮೈಯೆಲ್ಲ ಹಾಗಿತ್ತು.

"ಅಪ್ಪ, ಮಂಡೇ ಟೆಸ್ಟ್ ಇದೆ. ಇದು ಸರೀನಾ ನೋಡು."

x/2 + x/3 = 5. ಅವಳು ಎರಡಕ್ಕೂ ಮೂರಕ್ಕೂ ಲ.ಸಾ.ಅ. ಆರು ಎಂದು ಸರಿಯಾಗಿಯೇ ಹಿಡಿದಿದ್ದಳು. ಆರರಿಂದ ಗುಣಿಸಿ 3x + 2x = 5 ಎಂದು ಬರೆದು, x = 1 ಎಂದು ಉತ್ತರದ ಕೆಳಗೆ ಎರಡು ಗೆರೆ ಎಳೆದಿದ್ದಳು.

"ತಾಳೆ ನೋಡಿದ್ಯಾ?"

"ನೋ."

"ಒಂದರ ಅರ್ಧ, ಒಂದರ ಮೂರನೇ ಒಂದು ಭಾಗ. ಕೂಡಿದ್ರೆ ಐದಾಗತ್ತಾ? ಒಂದೂ ಆಗಲ್ಲ."

ಅವಳು ಪೆನ್ನು ಕಚ್ಚಿದಳು.

"ಆ ಕಡೆ ಐದನ್ನ ಯಾಕೆ ಗುಣಿಸ್ಲಿಲ್ಲ?"

"ಅದ್ರ ಕೆಳಗೆ ಏನೂ ಇಲ್ವಲ್ಲ. ಇಟ್ಸ್ ಫೈನ್ ಅಂದ್ಕೊಂಡೆ."

"ಫೈನ್ ಅಂತ ನೀನೇ ತೀರ್ಮಾನ ಮಾಡೋದಲ್ಲ. ಎರಡೂ ಕಡೆ ಇರೋ ಎಲ್ಲದನ್ನೂ ಗುಣಿಸ್ಬೇಕು. ಒಂದನ್ನ ಬಿಟ್ರೂ ಲೆಕ್ಕ ಸುಳ್ಳು."

ಸಿಡುಕಿಯೇ ಹೇಳಿದೆ. ಅವಳು ಐದನ್ನು ಮೂವತ್ತು ಮಾಡಿದಳು. 5x = 30, x = 6. ಆರರ ಅರ್ಧ ಮೂರು, ಮೂರನೇ ಒಂದು ಭಾಗ ಎರಡು, ಕೂಡಿದರೆ ಐದು. ತಾಳೆಯಾಯಿತು.

ಅವಳು ಮುಂದಿನ ಲೆಕ್ಕಕ್ಕೆ ಹೋದಾಗ ನಾನು ಪ್ಲಾನನ್ನು ಹತ್ತಿರ ಎಳೆದುಕೊಂಡೆ. ಸೋಮವಾರ ವಕೀಲರಿಗೆ ತಲುಪಬೇಕಿತ್ತು. ಕೊನೆಯ ಪುಟದಲ್ಲಿ ಒಂದು ಪ್ರಶ್ನೆ: ಇದನ್ನು ಬರೆಯುವಾಗ ಮಗುವನ್ನು ಹೇಗೆ ಒಳಗೊಳಿಸಿದಿರಿ? ಹೋದ ವಾರವೇ ಪೆನ್ಸಿಲ್ಲಿನಲ್ಲಿ ಉತ್ತರ ಬರೆದಿದ್ದೆ. 'ಮಗಳೊಂದಿಗೆ ಮಾತಾಡಿದ್ದೇವೆ, ಒಪ್ಪಿದ್ದಾಳೆ.' ಪ್ರಭಾ ಫೋನಿನಲ್ಲಿ ಕೇಳಿ ಸರಿ ಎಂದಿದ್ದಳು. ನಾವಿಬ್ಬರೂ ಸ್ಮೃತಿಯೊಂದಿಗೆ ಮಾತಾಡಿರಲಿಲ್ಲ. ಅವಳು ಅತ್ತಿರಲಿಲ್ಲ, ಊಟ ಬಿಟ್ಟಿರಲಿಲ್ಲ, ಪ್ರತಿ ಶುಕ್ರವಾರ ತಾನೇ ಬ್ಯಾಗು ತುಂಬಿಕೊಳ್ಳುತ್ತಿದ್ದಳು. ಫೈನ್ ಅಂದುಕೊಂಡಿದ್ದೆವು.

ರಬ್ಬರು ತೆಗೆದುಕೊಂಡು ಆ ಸಾಲನ್ನು ಅಳಿಸಿದೆ.

"ಸ್ಮೃತಿ, ನಿಂಗೆ ಹೇಗಿದ್ರೆ ಚೆನ್ನಾಗಿರತ್ತೆ? ವೀಕೆಂಡು, ರಜೆ, ಎಲ್ಲ."

ಅವಳು ತಲೆಯೆತ್ತಲಿಲ್ಲ. "ನಾನು ಹೇಳಿದ್ರೆ ಚೇಂಜ್ ಆಗತ್ತಾ?"

"ಗೊತ್ತಿಲ್ಲ. ಬರೀತೀನಿ."

ಅವಳು ಯೋಚಿಸಬೇಕಾಗಲಿಲ್ಲ. "ನಾನು ಇಲ್ಲೇ ಇರ್ತೀನಿ. ನನ್ನ ರೂಮು ಇಲ್ಲೇ ಇದೆ. ವೀಕೆಂಡ್ ಅಮ್ಮ ಇಲ್ಲಿಗೆ ಬರ್ಲಿ, ನೀನು ಆ ಮನೆಗೆ ಹೋಗು. ನೀವು ತಾನೇ ಬೇರೆ ಆಗಿದ್ದು. ನೀವೇ ಟ್ರೈನ್ ಹತ್ತಿ."

ಇಂಜೆಕ್ಷನ್ನಿನ ಜೋಮು ಇಳಿದು ಎದೆಯೊಳಗೆ ನೋವು ಶುರುವಾಯಿತು. ಅವಳು ಹೇಳಿದ್ದನ್ನು ನನಗೆ ಬರುವಷ್ಟು ಡಚ್ಚಿನಲ್ಲಿ ಬರೆದೆ. ಅವಳು ಬಗ್ಗಿ ಓದಿ ಎರಡು ತಪ್ಪು ತಿದ್ದಿದಳು.

ನಾಲ್ಕೂಮುಕ್ಕಾಲಿಗೆ ಪ್ರಭಾಳೇ ಫೋನು ಮಾಡಿದಳು. "ಹೊರಟ್ಲಾ?"

"ಇಲ್ಲ. ನೀನೇ ಬರ್ಬೇಕಂತೆ. ನಾನು ಅಲ್ಲಿಗೆ ಹೊರಡ್ತಿದ್ದೀನಿ, ಬೀಗದ ಕೈ ಪಕ್ಕದ ಮನೇಲಿ ಕೊಟ್ಟಿರು."

"ಯಾರು ಹೇಳಿದ್ದು?"

"ಸ್ಮೃತಿ. ಇವತ್ತು ಕೇಳ್ದೆ."

ಸ್ಮೃತಿ ರಾತ್ರಿ ಏನು ತಿನ್ನುತ್ತಾಳಂತೆ ಎಂದು ಪ್ರಭಾ ಕೇಳಿದಳು. ನನಗೆ ಗೊತ್ತಿರಲಿಲ್ಲ. ಫೋನನ್ನು ಮಗಳ ಕೈಗೆ ಕೊಟ್ಟು ನನ್ನ ಬ್ಯಾಗು ತುಂಬಿಕೊಳ್ಳಲು ಹೋದೆ.