ಸುದರ್ಮಿ ಮೂರು ದಿನ ಹೇಳಿದ್ದು

ಗಲುಂಗನ್ ಹಬ್ಬಕ್ಕೆ ನಾಲ್ಕೇ ದಿನ. ಬಾಲಿಯ ಆ ಊರಿನ ಹೆಂಗಸರಿಗೆ ಉಸಿರಾಡಲೂ ಪುರುಸೊತ್ತಿಲ್ಲ. ರೆನ್ತಿಯ ಜಗಲಿ ತುಂಬಾ ತೆಂಗಿನ ಎಳೆಗರಿ, ನೈವೇದ್ಯದ ಬುಟ್ಟಿ ಹೆಣೆಯುವ ಗಡಿಬಿಡಿ. ಮಗ ಮೀನಿಗೆಂದು ಕಡಲಿಗೆ ಹೋಗಿದ್ದ. ಮನೆಯಲ್ಲಿ ಏಳು ತಿಂಗಳ ಬಸುರಿ ಸೊಸೆ ಸುದರ್ಮಿ.

ಸುದರ್ಮಿಗೆ ಹುಟ್ಟಿನಿಂದ ಕಿವಿ ಕೇಳಿಸದು. ಬೆಟ್ಟದ ಮೇಲಿನ ಅವಳ ತವರಿನಲ್ಲಿ ಅಂಥವರು ಬಹಳ ಮಂದಿ. ಅದಕ್ಕೇ ಅಲ್ಲಿ ಕಿವಿ ಕೇಳುವವರೂ ಕೈಯಲ್ಲಿ ಮಾತಾಡುತ್ತಾರೆ, ಜಗಳವಾಡುತ್ತಾರೆ, ಚಾಡಿ ಹೇಳುತ್ತಾರೆ. ಅಲ್ಲಿ ಸುದರ್ಮಿ ದೊಡ್ಡ ಬಾಯಿಬಡುಕಿ. ಇಲ್ಲಿಗೆ ಬಂದ ಮೇಲೆ ಎಲ್ಲರ ಪಾಲಿಗೂ ಮೂಗಿಯಾದಳು.

ಅವತ್ತು ಅವಳು ಅತ್ತೆಯ ತೋಳು ಜಗ್ಗಿ, ಹೊಟ್ಟೆ ಮುಟ್ಟಿಕೊಂಡು ಕೈಯಾಡಿಸಿದಳು.

"ಏನಂತೆ ರೆನ್ತಕ್ಕಾ?" ಎಂದಳು ಪಕ್ಕದ ಮನೆಯವಳು.

"ಯಾರಿಗ್ಗೊತ್ತು ಮಾರಾಯ್ತಿ! ಯಾವಾಗ್ಲೂ ಕೈ ತಿರುವ್ತಾ ಇರ್ತಾಳೆ," ಎಂದು ರೆನ್ತಿ ಗರಿಯತ್ತ ತಿರುಗಿದಳು.

ಮರುದಿನವೂ ಹಾಗೇ. ಮೂರನೆಯ ದಿನ ನರ್ಸ್ ವಾರ್ಣಿ ಬಂದಳು. ಸುದರ್ಮಿಯ ತವರಿನ ಬೆಟ್ಟದ ಹಳ್ಳಿಯಲ್ಲಿ ಎರಡು ವರ್ಷ ಕೆಲಸ ಮಾಡಿ ಅಲ್ಲಿನ ಕೈಮಾತು ಕಲಿತವಳು.

"ಹೇಗಿದ್ದೀಯಮ್ಮಾ?" ಎಂದಳು ಸುದರ್ಮಿಯತ್ತ ನೋಡಿ.

"ಚೆನ್ನಾಗೇ ಇದಾಳೆ, ಉಣ್ತಾಳೆ," ಎಂದಳು ರೆನ್ತಿ.

"ನಾನು ಅವಳನ್ನ ಕೇಳಿದ್ದು, ರೆನ್ತಕ್ಕಾ."

"ಅಯ್ಯೋ, ಅವಳಿಗೇನು ತಿಳಿಯುತ್ತೆ?"

ವಾರ್ಣಿ ಸುದರ್ಮಿಯ ಎದುರು ಕೂತು ಕೈಯಲ್ಲಿ ಕೇಳಿದಳು. ಸುದರ್ಮಿಯ ಕೈಗಳು ಒಂದೇ ಸಮನೆ ಆಡಿದವು. ವಾರ್ಣಿ ತಟ್ಟನೆ ರೆನ್ತಿಯತ್ತ ತಿರುಗಿದಳು.

"ಮೂರು ದಿನದಿಂದ ಮಗು ಅಲುಗಾಡಿಲ್ವಂತೆ. ನಿಮಗೆ ದಿನಾ ಹೇಳಿದಾಳಂತೆ."

ಆಸ್ಪತ್ರೆಗೆ ಓಡಿದರು. ಮಗುವಿನ ಎದೆಬಡಿತ ನಿಂತಿತ್ತು.

ಹಬ್ಬದ ದಿನ ಊರಿನ ಬಾಗಿಲುಗಳಲ್ಲೆಲ್ಲಾ ಬಿದಿರಿನ ತೋರಣಗಂಬಗಳು ಎದ್ದವು, ರೆನ್ತಿಯ ಬಾಗಿಲಲ್ಲಿ ಇಲ್ಲ. ಅವಳು ವಾರ್ಣಿಯ ಮನೆಗೆ ಹೋದಳು.

"ಅವಳು ಹೇಳಿದ್ದು ನನ್ನ ಕಣ್ಣೆದುರೇ ಕಣೇ. ನೋಡ್ಲಿಲ್ಲ ನಾನು, ಪಾಪಿ. 'ಏನಾಯ್ತು' ಅಂತ ಕೈಯಲ್ಲಿ ಹೇಗೆ ಕೇಳೋದು, ಹೇಳ್ಕೊಡು."

ಕಲಿತು ಬಂದು ಸೊಸೆಯ ಎದುರು ಕೂತು ಕೇಳಿದಳು. ಸುದರ್ಮಿಯ ಕೈ ಮಡಿಲಿನಿಂದ ಏಳಲಿಲ್ಲ. ದಿನಾ ಕೇಳಿದಳು. ಹತ್ತನೆಯ ದಿನ ಸುದರ್ಮಿ ಒಮ್ಮೆ ಕೈಯೆತ್ತಿ ಏನೋ ಹೇಳಿದಳು. ರೆನ್ತಿಗೆ ಅರ್ಥವಾಗಲಿಲ್ಲ. ಆದರೆ ಈ ಸಲ ಮುಖ ತಿರುಗಿಸಲಿಲ್ಲ. ಇನ್ನೊಮ್ಮೆ ಹೇಳು ಎಂದು ಕಣ್ಣೀರಿನಲ್ಲೇ ಕೈಸನ್ನೆ ಮಾಡಿದಳು.

ಅಕ್ಕಂದಿರೇ, ಅಣ್ಣಂದಿರೇ, ಬಸುರಿಯ ಹೊಟ್ಟೆಯಲ್ಲಿ ಮಗುವಿನ ಅಲುಗಾಟ ಕಡಿಮೆಯಾದರೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ. ಕಿವಿ ಕೇಳದವರು, ಮಾತು ಬಾರದವರು ನಿಮ್ಮ ಮನೆಯಲ್ಲಿದ್ದರೆ ಪಕ್ಕದಲ್ಲಿರುವವರನ್ನು ಕೇಳಬೇಡಿ. ಅವರ ಎದುರು ಕೂತು ಅವರನ್ನೇ ಕೇಳಿ, ಉತ್ತರ ಬರುವ ತನಕ ಕಾಯಿರಿ. ಹಬ್ಬ ಮುಗಿಯಲಿ ಎನ್ನಬೇಡಿ. ರೆನ್ತಿ ಮೂರೇ ದಿನ ತಡಮಾಡಿದ್ದು.