ಹೆಸರಿರುವ ಕುಳಿ

ಪರದೆಯ ಮೇಲೆ ಚಂದ್ರನ ಆ ಪುಟ್ಟ ಕುಳಿ ಅಲುಗುತ್ತಿದೆ, ಫ್ಯಾನಿನ ಗಾಳಿ, ಇಲ್ಲ, ಅಲುಗುತ್ತಿರುವುದು ಪರದೆ, ಕುಳಿಯಲ್ಲ, ಕುಳಿ ಅಲ್ಲೇ ಇದೆ, ಸುತ್ತ ಚೆಲ್ಲಿದ ಬಂಡೆಚೂರು, ಬಿಳಿ ಪುಡಿ, ಕಲ್ಲು ಬಂದು ಬಡಿದ ದಿನ ಹೇಗೆ ಹಾರಿ ಬಿದ್ದಿತ್ತೋ ಹಾಗೇ — ಇಂಥ ಸಣ್ಣವಕ್ಕೆ ವಿಜ್ಞಾನಿಗಳು ಮನುಷ್ಯರ ಹೆಸರನ್ನೇ ಇಡ್ತಾರೆ ಎಂದು ಭಾನುಪ್ರಿಯಾ ಹೇಳಿದ್ದೇ ತಡ, ಮುಂದಿನ ಬೆಂಚಿನ ಮೇಘಶ್ರೀ, ಗುಂಡಿಗೂ ನಾಮಕರಣನಾ ಮಿಸ್, ಹೊಳೆನರಸೀಪುರದ ಸೆಕೆಂಡ್ ಪಿಯು ಇಡೀ ಗೊಳ್ಳೆಂದಿತು, ಅವಳೂ ನಕ್ಕಳು, ಪಾಠ ಹೇಳುವವಳು ನಗಬೇಕಲ್ಲ. ನಾಮಕರಣಕ್ಕೆ ಮುಂಚೆಯೇ ಹೋದವಳನ್ನು ಏನಂತ ಕರೆಯೋದು, ಮಗಳೇ ಅನ್ನಬಹುದು, ಅಂದರೆ ಯಾರು ತಿರುಗಿ ನೋಡಬೇಕು, ಕೂಸು ಉಟ್ಟೋ ಮುಂಚೆ ಕುಲಾವಿ ಒಲಿಸ್ಬ್ಯಾಡ ಕಣವ್ವ ಎಂದು ಅತ್ತೆ ಚಿಕ್ಕಲಕ್ಷ್ಮಮ್ಮ ರೇಗಿಸಿದ್ದರು, ಹಟಕ್ಕೆ ಹೊಲಿಸಿದಳು, ಹಳದಿ ಕುಲಾವಿ, ಕೊನೆಗೆ ಅದನ್ನೇ ತೊಡಿಸಿ ಮಣ್ಣಿಗೆ ಕಳಿಸಿದ್ದು, ಬಾಣಂತಿ ಹೊಲಕ್ಕೆ ಹೋಗುವ ಹಾಗಿಲ್ಲ, ಕಿಟಕಿಯಿಂದ ಗಂಡ ಮನುವಿನ ಬೆನ್ನು ಕಂಡಿತ್ತು, ಅವನ ತೋಳಿನಲ್ಲಿದ್ದದ್ದು ಕಾಣಲಿಲ್ಲ, ಎದೆಯಲ್ಲಿ ಹಾಲು ಕಟ್ಟಿ ಕಲ್ಲಾಗಿತ್ತು, ಆಮೇಲೆ ಅತ್ತೆ ತಲೆ ಸವರುತ್ತ, ಎಳಗೂಸಿನ ಗುಂಡಿಗೆ ಗುರ್ತು ಇಡ್ಬಾರ್ದು ಕಣವ್ವ, ಇಟ್ರೆ ಅಲ್ಲೇ ಉಳ್ಕಂಬುಡ್ತದೆ, ತಿರ್ಗಾ ನಿನ್ ಒಟ್ಟೆಗೆ ಬರಾಕಿಲ್ಲ. ಭೌತಶಾಸ್ತ್ರದ ಎಂಎಸ್ಸಿ ಓದಿದವಳು ಹೂಂ ಅಂದಳು, ಬರಲಿ ಅಂತ, ಹೇಗಾದರೂ ಬಂದರೆ ಸಾಕು ಅಂತ, ಗುರುತಿಲ್ಲದ ಜಾಗದ ಮೇಲೆ ರಾಗಿ ಬಿತ್ತಿದರು, ಮತ್ತೆ ಬಿತ್ತಿದರು, ಮಗಳು ಬರಲಿಲ್ಲ.

ಮಿಸ್, ಮಳೆ ಬಂದ್ರೆ ಮುಚ್ಚೋಗಲ್ವಾ, ಮತ್ತೆ ಮೇಘಶ್ರೀಯೇ, ಇಲ್ಲಮ್ಮ, ಅಲ್ಲಿ ಮಳೆಯಿಲ್ಲ, ಗಾಳಿಯಿಲ್ಲ, ಟ್ರ್ಯಾಕ್ಟರೂ ಇಲ್ಲ, ಕೋಟ್ಯಂತರ ವರ್ಷ ಹಾಗೇ ಇರುತ್ತೆ — ಟ್ರ್ಯಾಕ್ಟರ್ ಯಾಕೆ ಬಂತು ಬಾಯಿಗೆ, ಮಕ್ಕಳು ಮತ್ತೆ ನಗುತ್ತಿದ್ದಾರೆ, ನಿನ್ನೆ ಗಂಡನ ಊರು ಕಟ್ಟಾಯದ ಹೊಲದಲ್ಲಿ ಯಾರೂ ನಗಲಿಲ್ಲ, ಇಷ್ಟು ವರ್ಷ ನುಂಗಿಕೊಂಡಿದ್ದನ್ನು ಮನುವಿನ ಮುಂದೆ ಕಕ್ಕಿಬಿಟ್ಟಳು, ನಂಗೆ ಇನ್ನೊಂದು ಮಗು ಬೇಡ ರೀ, ಆ ಜಾಗ ತೋರ್ಸಿ, ಒಂದ್ಸಲ ಕೂತು ಅತ್ಬುಟ್ಟು ಬತ್ತೀನಿ. ಅವನು ಬೇಡವೆನ್ನಲಿಲ್ಲ. ಮೊಣಕಾಲುದ್ದ ಬೆಳೆದ ರಾಗಿಯ ನಡುವೆ ನಿಂತು ಕೈ ಚಾಚಿದ, ಅಗಾ, ಅಲ್ಲಿ, ಅವಳು ಹೆಜ್ಜೆ ಎತ್ತಿದ್ದಳು, ಆ ಕೈ ಬದುವಿನ ಕಡೆಗೆ ಹೊರಳಿತು, ಇಲ್ಲ ಕಣೆ, ಈ ಕಡೀಕ್ ಇರ್ಬೇಕು, ಆಗ ಇಲ್ಲೊಂದು ಬೇವಿನ ಗಿಡ ಇತ್ತು, ಟ್ರ್ಯಾಕ್ಟ್ರು ಓಡ್ಸಿ ಓಡ್ಸಿ ಎಲ್ಲಾ ಒಂದೇ ತರ ಕಾಣ್ತದೆ, ಭಾನು, ನಂಗೂ ಗೊತ್ತಾಯ್ತಿಲ್ಲ ಕಣೆ — ತನಗೆ ಗೊತ್ತಿಲ್ಲದಿದ್ದರೇನು, ಇವನೊಬ್ಬನಿಗೆ ಗೊತ್ತಲ್ಲ ಎಂಬ ಧೈರ್ಯದ ಮೇಲೆ ಇಲ್ಲಿಯತನಕ ಉಂಡಿದ್ದಳು, ಮಲಗಿದ್ದಳು, ಪಾಠ ಮಾಡಿದ್ದಳು, ಬಯ್ಯಬೇಕೆಂದು ಬಾಯಿ ತೆರೆದರೆ ಅವನ ಕೈ ಇನ್ನೂ ಚಾಚಿಕೊಂಡೇ ಇತ್ತು, ಮಿಸ್, ಮುಂದಿನ ಸ್ಲೈಡ್, ಹೂಂ, ಮುಂದಿನದು, ರಾಗಿಯ ಮೇಲೆ ಆ ಕೈ, ಬಲಕ್ಕೆ, ಎಡಕ್ಕೆ, ಸ್ವಲ್ಪ ಹಿಂದಕ್ಕೆ, ಮಿಸ್, ಆ ಕೈ, ಎಲ್ಲೂ ನಿಲ್ಲದ ಆ ಕೈ